ಮೂವತ್ತನಾಲ್ಕು ಗುಣ

“ಇದರೊಳಗೆ ವೈರಸ್ ಉಂಟು. ತಾನಾಗಿ ಬಂದದ್ದಲ್ಲ, ಯಾರೋ ಬಿಟ್ಟದ್ದು,” ಎಂದರು ತ್ರಿವಿಕ್ರಮ ಭಟ್ಟರು. ಹೇಳಿದ್ದು ಕಂಪ್ಯೂಟರ್ ರಿಪೇರಿಗೆ ಬಂದ ನಜ್ಲಾಳಿಗೆ. ನೋಡಿದ್ದು ಮಗಳು ಶ್ರಾವಣಿಯನ್ನು.

ಜಾತಕ ಕೂಡಿಸುವುದರಲ್ಲಿ ಭಟ್ಟರದು ಅತ್ತಾವರದ ಆಚೆಗೂ ಹಬ್ಬಿದ ಹೆಸರು. ಹೆಸರು ಅವರದು, ಲೆಕ್ಕ ಕಂಪ್ಯೂಟರಿನದು. ಹುಡುಗ ಹುಡುಗಿ ಹುಟ್ಟಿದ ತಾರೀಖು, ಹೊತ್ತು ಒತ್ತಿದರೆ ಮೂವತ್ತಾರರಲ್ಲಿ ಎಷ್ಟು ಗುಣ ಕೂಡಿತು ಎಂದು ಅದೇ ಹೇಳುತ್ತದೆ. ಒಂದು ನಿಮಿಷ ಕಣ್ಣು ಮುಚ್ಚಿ ಕುಳಿತು, ಪರದೆಯ ಮೇಲಿನ ಸಂಖ್ಯೆಯನ್ನು ಗಂಭೀರ ಸ್ವರದಲ್ಲಿ ಓದುವುದಷ್ಟೇ ಭಟ್ಟರ ವಿದ್ಯೆ.

ಸ್ವಂತ ಮಗಳ ವಿಷಯದಲ್ಲಿ ಮಾತ್ರ ಆ ಸಂಖ್ಯೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವರು ಆರಿಸಿ ತಂದ ಏಳು ಹುಡುಗರಲ್ಲಿ ಒಬ್ಬನೂ ಹದಿನೇಳು ದಾಟಿರಲಿಲ್ಲ. ಶ್ರಾವಣಿ ಕಲಿಸುವ ಕಾಲೇಜಿನಲ್ಲೇ ಫಿಸಿಕ್ಸ್ ಕಲಿಸುವ, ಅವಳು ಮೆಚ್ಚಿದ ಶ್ರೀನಂದನನಿಗೆ ಮಾತ್ರ ಮೂವತ್ತನಾಲ್ಕು! ಅದೇ ವಾರ ಪರದೆಯ ಮೇಲೆ ಲಾಟರಿಯ, ಲೇಹ್ಯದ ಜಾಹೀರಾತುಗಳು ಕುಣಿಯತೊಡಗಿದವು. ಭಟ್ಟರಿಗೆ ಇನ್ನೇನು ಬೇಕು?

“ಅಪ್ಪ, ನಾನು ಅದನ್ನು ಮುಟ್ಟಲೇ ಇಲ್ಲ.”

“ಮತ್ತೆ ಯಾರು, ನಿನ್ನ ಅಮ್ಮನಾ? ಅವಳಿಗೆ ಮಿಕ್ಸಿ ಯಾವುದು, ಮೌಸ್ ಯಾವುದು ಅಂತ ಗೊತ್ತುಂಟಾ?”

ಚಹಾ ತಂದ ಪಂಕಜಾಕ್ಷಿ ಲೋಟಗಳನ್ನು ಇಟ್ಟು, “ನನಗೆಂತ ಗೊತ್ತಾಗ್ತದೆ ಮಾರಾಯ್ರೆ,” ಎಂದು ಒಳಗೆ ಹೋದರು.

“ಕೇಳು,” ಎಂದರು ಭಟ್ಟರು ಮಗಳಿಗೆ. “ಇವಳು ವೈರಸ್ ತೆಗೀಲಿ. ಮೊದಲಿನಿಂದ ಲೆಕ್ಕ ಹಾಕ್ತೇನೆ. ಮೂವತ್ತನಾಲ್ಕು ಬಂದರೆ ನಾನೇ ಅವನ ಮನೆಗೆ ಫೋನ್ ಮಾಡ್ತೇನೆ. ಅರ್ಧ ಗುಣ ಇಳಿದರೂ ಅವನ ಹೆಸರು ಈ ಮನೆಯಲ್ಲಿ ಎತ್ತಬಾರದು.”

ಅಂಥ ಧಾರಾಳದ ಸಂಖ್ಯೆ ನೆಟ್ಟಗಿರುವ ಕಂಪ್ಯೂಟರಿನಿಂದ ಬರಲಿಕ್ಕಿಲ್ಲ ಎಂದು ಶ್ರಾವಣಿಗೂ ಅನಿಸಿತ್ತು. ತನ್ನ ಪಾಲಿಗೆ ಒದಗಿ ಬಂದದ್ದು ದೇವರಲ್ಲ, ವೈರಸ್. ಅದನ್ನೂ ಈ ನಜ್ಲಾ ಕಣ್ಣೆದುರೇ ಕೊಲ್ಲುತ್ತಿದ್ದಾಳೆ.

“ಸಿಕ್ಕಿತು ಸರ್,” ಎಂದಳು ನಜ್ಲಾ. “ಉಚಿತ ಪಂಚಾಂಗ ಅಂತ ಒಂದು ಡೌನ್‌ಲೋಡ್ ಮಾಡಿದ್ದೀರಲ್ಲ, ಅದರ ಹೊಟ್ಟೆಯಲ್ಲಿ ಕೂತು ಬಂದದ್ದು.”

ಭಟ್ಟರು ಕೆಮ್ಮಿದರು. “ಉಚಿತ ಅಂತ ಇತ್ತು, ಹಾಗೆ…”

“ಹೌದು ಸರ್, ವೈರಸ್ಸಿಗೆ ಯಾರೂ ಕಾಸು ಕೇಳುವುದಿಲ್ಲ.” ಅವಳು ಇನ್ನೇನೋ ನೋಡಿದಳು. “ನಿಮ್ಮ ಜಾತಕದ ಸಾಫ್ಟ್‌ವೇರ್ ಹೋದ ತಿಂಗಳು ಮೂರು ದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಓಪನ್ ಉಂಟು.”

“ಆಗ ನಾನು ಮಲಗಿರ್ತೇನೆ. ಇವಳು ಕಾಲೇಜಿನಲ್ಲಿ.” ಭಟ್ಟರ ಕಣ್ಣು ಅರಳಿತು. “ನೋಡಿದಿರಾ? ತಾನಾಗಿ ಓಪನ್ ಆಗಿದೆ! ಅದೇ ವೈರಸ್!”

ನಜ್ಲಾ ಒಂದು ಗುಟುಕು ಚಹಾ ಕುಡಿದಳು. “ಇರಬಹುದು ಸರ್.”

ಮುಕ್ಕಾಲು ಗಂಟೆಯಲ್ಲಿ ಎಲ್ಲ ಒರೆಸಿ, ಸಾಫ್ಟ್‌ವೇರನ್ನು ಹೊಸದಾಗಿ ಹಾಕಿ ಅವಳು ಕುರ್ಚಿ ಬಿಟ್ಟುಕೊಟ್ಟಳು. ಶ್ರೀನಂದನನ ಮನೆಗೆ ಫೋನ್ ಮಾಡಿ ಪಂಕಜಾಕ್ಷಿ ಬರೆದುಕೊಂಡಿದ್ದ ಚೀಟಿಯನ್ನು ಎದುರಿಗಿಟ್ಟು ಭಟ್ಟರು ಒಂದೇ ಬೆರಳಲ್ಲಿ ಕುಟ್ಟಿದರು. ತಾರೀಖು. ಹೊತ್ತು. ಊರು. ಶ್ರಾವಣಿ ಅಪ್ಪನ ಬೆನ್ನ ಹಿಂದೆ ನಿಂತು ನೋಡಿದಳು. ಪರದೆಯ ಮೇಲೆ ಚಕ್ರ ತಿರುಗಿತು, ನಿಂತಿತು.

ಮೂವತ್ತನಾಲ್ಕು.

ಭಟ್ಟರು ಅಭ್ಯಾಸಬಲದಿಂದ ಒಂದು ನಿಮಿಷ ಕಣ್ಣು ಮುಚ್ಚಿದರು. ತೆರೆದಾಗ ಅವರು ಯಾರನ್ನೂ ಸಂಶಯಿಸಿದವರೇ ಅಲ್ಲ. “ನನಗೆ ಮೊದಲೇ ಗೊತ್ತಿತ್ತು. ನನ್ನ ಲೆಕ್ಕ ತಪ್ಪುವುದುಂಟಾ?” ಎನ್ನುತ್ತ ಫೋನ್ ಎತ್ತಿಕೊಂಡರು.

ಶ್ರಾವಣಿ ಅಡುಗೆಮನೆಗೆ ಓಡಿದಳು. ಸಂತೋಷ ಅರ್ಧ, ಗಾಬರಿ ಅರ್ಧ.

“ಅಮ್ಮ, ನಂದನ ಹುಟ್ಟಿದ್ದು ಜೂನ್ ಮೂರಕ್ಕೆ. ಪರದೆಯಲ್ಲಿ ಜೂನ್ ಹದಿನಾರು ಅಂತ ಇತ್ತು!”

“ಮೆಲ್ಲ ಮಾತಾಡು,” ಎಂದರು ಪಂಕಜಾಕ್ಷಿ. “ಕೇಳಿದರೆ, ಶಾಲೆಗೆ ಸೇರಿಸುವಾಗ ತಾರೀಖು ತಪ್ಪು ಬರೆಸಿದ್ದು ಅಂತ ಹೇಳಿದರಾಯಿತು. ಅವನ ಅಮ್ಮನ ಹತ್ತಿರವೂ ಮಾತಾಡಿ ಇಟ್ಟಿದ್ದೇನೆ. ಪಾಪ, ಅವರು ಮಗನಿಗೆ ಜಾತಕವನ್ನೇ ಬರೆಸಲಿಲ್ಲವಂತೆ.”

“ಹಾಗಾದರೆ ಮೂವತ್ತನಾಲ್ಕು?”

ಜಗಲಿಯಲ್ಲಿ ಭಟ್ಟರು ತಮ್ಮ ಲೆಕ್ಕದ ಹಿರಿಮೆಯನ್ನು ಬೀಗರಿಗೆ ಫೋನಿನಲ್ಲಿ ವಿವರಿಸುತ್ತಿದ್ದರು. ಪಂಕಜಾಕ್ಷಿ ಒಲೆ ಸಣ್ಣ ಮಾಡಿದರು.

“ಕಂಪ್ಯೂಟರ್ ಇದ್ದ ಕಾರಣ ಮೂರೇ ಮಧ್ಯಾಹ್ನ ಸಾಕಾಯಿತು, ಮಗಾ. ನಿನ್ನ ಅಪ್ಪನದಕ್ಕೆ ಕೂಡುವ ಹಾಗೆ ನನ್ನ ಜಾತಕ ಮಾಡಲಿಕ್ಕೆ ನನ್ನ ಅಮ್ಮನಿಗೆ ಪಂಚಾಂಗ ಹಿಡಿದು ಹದಿನೈದು ದಿನ ಬೇಕಾಗಿತ್ತು.”