ಪುಕ್ಕಟೆ ಆಟದ ಪೆಟ್ಟು

ಊಟದ ಬಿಡುವಿನಲ್ಲಿ ನೀಲವ್ವ ರೊಟ್ಟಿಯ ಗಂಟನ್ನು ಎಡಗೈಯಲ್ಲೇ ಬಿಚ್ಚಿದಳು. ಹಿಂದಿನ ಸಂಜೆ ರೋಬೋಟ್ ಕಾಳಗದ ಆಟದಲ್ಲಿ ಅವಳ ಯಂತ್ರದ ಬಲಭುಜಕ್ಕೆ ಕ್ಷಿಪಣಿ ಬಡಿದಿತ್ತು. ಆ ಆಟವನ್ನು ಪುಕ್ಕಟೆ ಆಡುವವರ ಯಂತ್ರಕ್ಕೆ ಬಿದ್ದ ಪೆಟ್ಟು ಅವರ ಮೈಗೂ ಬೀಳುತ್ತದೆ. ಚಂದಾ ಕಟ್ಟಿದವರಿಗೆ ಬೀಳುವುದಿಲ್ಲ. ಹೀಗಾಗಿ ಹುಬ್ಬಳ್ಳಿಯ ಈ ಬಸ್ ಡಿಪೋದಲ್ಲಿ ಪುಕ್ಕಟೆಯವರು ಊಟಕ್ಕೆ ಮೊದಲು ಒಬ್ಬರಿಗೊಬ್ಬರು ಮುಲಾಮು ಹಚ್ಚುವುದು ರೂಢಿ.

ಅವಳ ಜೊತೆಯ ಮೆಕ್ಯಾನಿಕ್ ಫಕೀರಪ್ಪ ಚಂದಾದಾರ. ಅವನು ಅವಳ ಮುಂದೆ ಒಂದು ಕಾರ್ಡು ಇಟ್ಟ.

"ನೀಲಕ್ಕ, ನಿನ್ನ ಹೆಸರಿಗೆ ವರ್ಷದ ಚಂದಾ ಕಟ್ಟೇನಿ. ಪುಕ್ಕಟೆ ಆಡೂದು ಆಟಾನ ಅಲ್ಲ, ಬರೇ ಹೊಡತ ತಿನ್ನೂದು."

"ನನ್ನ ನೋವು ನನಗಿರಲಿ," ಎಂದಳು ನೀಲವ್ವ. "ಹೊಡೆಯೂ ಮುಂದ ಎದುರಿನವರಿಗೆ ಎಷ್ಟು ಪೆಟ್ಟು ಹತ್ತತೈತಿ ಅಂತ ನನಗ ಗೊತ್ತಿರತೈತಿ. ನಿನಗ?"

"ಆಟದಾಗ ಗೆಲ್ಲೂದು ಮುಖ್ಯ, ಅಕ್ಕ."

"ನಿನ್ನೆ ಗೆದ್ದೀಯೇನು?"

"ಇಲ್ಲ. ಯಾರೋ ಕೆಡವಿದ್ರು."

"ಎಲ್ಲಿಗೆ ಹೊಡದ್ರು?"

ಫಕೀರಪ್ಪ ಯೋಚಿಸಿದ. "ಪರದೆ ಕಪ್ಪಾತು. ಅಷ್ಟ ಗೊತ್ತು."

"ಎಡ ಮೊಣಕಾಲಿಗೆ. ಹೊಡದಾಕಿ ನಾನ. ಆ ಹಳದಿ ಯಂತ್ರ ನಿಂದಲ್ಲೇನು? ಅದಕ್ಕೂ ಮೊದಲ ನನ್ನ ಭುಜಕ್ಕ ಹೊಡದಾಂವ ನೀನ."

ಅವಳು ಕಾರ್ಡನ್ನು ಅವನ ಕಡೆಗೆ ತಳ್ಳಿ ರೊಟ್ಟಿ ಮುರಿದಳು. ಫಕೀರಪ್ಪ ಬಗ್ಗಿ ಎಡ ಮೊಣಕಾಲನ್ನು ಮುಟ್ಟಿ ನೋಡಿಕೊಂಡ. ಏನೂ ಆಗಿರಲಿಲ್ಲ.

ಅಷ್ಟರಲ್ಲಿ ಮುಲಾಮಿನ ಡಬ್ಬಿ ಕೈಯಿಂದ ಕೈಗೆ ಬರುತ್ತಿತ್ತು. ಅವನು ಕೈ ಚಾಚಿದ. ಡಬ್ಬಿ ಅವನನ್ನು ದಾಟಿ ನೀಲವ್ವನ ಕೈಗೆ ಹೋಯಿತು.