ಮೂರು ಸೂರಿನ ಮನೆ

ಯಂತ್ರದ ಹಸಿರು ಪರದೆಯ ಮೇಲೆ ಅವಳು ಎಳೆದ ಸೂರು ಸೊಟ್ಟಗಾಯಿತು. ಅವಳು ಅಳಿಸುವ ಕೀ ಒತ್ತಿದಳು. ಗೆರೆ ಜಪ್ಪಯ್ಯ ಎಂದರೂ ಕದಲಲಿಲ್ಲ.

ಟೀವಿಗೆ ಟೈಪ್‌ರೈಟರ್ ಕಟ್ಟಿದಂತಿದ್ದ ಆ ಮುದಿ ಟರ್ಮಿನಲ್ಲಿಗೆ ಏನೇನು ಬರುತ್ತದೆ ಎಂದು ಪತ್ತೆಮಾಡುವ ಕೆಲಸ ಚಿಕ್ಕಪ್ಪನ ಹಳೇ ಯಂತ್ರಗಳ ಅಂಗಡಿಯಲ್ಲಿ ಅವಳ ಪಾಲಿಗೆ ಬಂದಿತ್ತು. ಚಿತ್ರ ಬಿಡಿಸುವುದಾದರೆ ಮ್ಯೂಸಿಯಮ್ಮಿನವರು ಒಯ್ಯುತ್ತಾರೆ. ಬರೀ ಅಕ್ಷರವಾದರೆ ಹಿತ್ತಿಲಲ್ಲಿ ಸುತ್ತಿಗೆ ಕಾದಿದೆ. ಉಳಿಸಿಯೇ ತೀರುತ್ತೇನೆಂದು ಅವಳು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಬೇರೆಯವರಿಗೆ ಕೊಡುವಷ್ಟು ಮಾತು ಅವಳ ಬಳಿ ಎಂದೂ ಇರಲಿಲ್ಲ.

ಪಕ್ಕದ ಕಂಪ್ಯೂಟರಿನಿಂದ ಅಂಕಿ ಕಳಿಸಿದರೆ ಇಲ್ಲಿ ಗೆರೆ ಮೂಡುತ್ತಿತ್ತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಮನೆಯನ್ನೇ ಕಟ್ಟಲು ಹೊರಟಳು. ಸೊಟ್ಟ ಸೂರನ್ನು ಮುಚ್ಚಲು ಇನ್ನೊಂದು ಸೂರು, ಅದನ್ನು ಮುಚ್ಚಲು ಮತ್ತೊಂದು. ಅಂಕಿ ತಪ್ಪಿ ಕಿಟಕಿ ಗೋಡೆ ಬಿಟ್ಟು ಅಂಗಳಕ್ಕಿಳಿಯಿತು. ಬಾಗಿಲು ಸೂರೇರಿ ಕುಳಿತಿತು. ತಾನು ಶಾಲೆ ಬಿಟ್ಟಾಗ ಲೆಕ್ಕದ ಮೇಷ್ಟ್ರು ತನ್ನನ್ನೇಕೆ ತಡೆಯಲಿಲ್ಲವೆಂದು ಅವಳಿಗೆ ಈಗ ಅರ್ಥವಾಯಿತು.

ಅಷ್ಟರಲ್ಲಿ ಚಿಕ್ಕಪ್ಪನ ಹಿಂದೆಯೇ ಮ್ಯೂಸಿಯಮ್ಮಿನ ಮೇಡಂ ಒಳಬಂದರು.

"ಏನೇ ಇದು? ಯಾವ ಮೇಸ್ತ್ರಿ ಕಟ್ಟಿದ್ದು?" ಎಂದ ಚಿಕ್ಕಪ್ಪ.

ಅವಳು ಪರದೆಗೆ ಬೆನ್ನು ಕೊಟ್ಟು ಆದಷ್ಟು ಅಗಲವಾಗಿ ನಿಂತಳು. "ಕೆಟ್ಟಿದೆ ಚಿಕ್ಕಪ್ಪ. ತಪ್ಪು ಮಾಡುತ್ತೆ. ಅಳಿಸು ಅಂದ್ರೆ ಅಳಿಸಲ್ಲ."

"ಹಾಗಾದ್ರೆ ಹಿತ್ತಿಲಿಗೇ ಸರಿ," ಎಂದು ಅವನು ವೈರು ಕೀಳಲು ಬಗ್ಗಿದ.

"ಬೇಡ, ಬೇಡ. ತಪ್ಪು ನಂದು. ಅಳಿಸದೇ ಇರೋದು ಮಾತ್ರ ಅದರದ್ದು."

ಮೇಡಂ ಅವಳ ಭುಜದ ಮೇಲಿಂದ ಇಣುಕಿ ನಕ್ಕರು. "ಕೆಟ್ಟಿಲ್ಲಮ್ಮ. ಆಗಿನ ಈ ಥರದ ಪರದೆಗಳೇ ಹಾಗೆ. ಒಂದೇ ಒಂದು ಗೆರೆ ಅಳಿಸೋಕೆ ಬರಲ್ಲ. ಅಳಿಸಿದ್ರೆ ಪೂರ್ತಿ, ಇಲ್ಲಾಂದ್ರೆ ಬರೆದಿದ್ದೆಲ್ಲಾ ಹಾಗೇ ಇರುತ್ತೆ. ಈ ಕೀ ಒತ್ತಿದ್ರೆ ಎಲ್ಲಾ ಮಾಯ."

ಅವಳ ಬೆರಳು ಅತ್ತ ಹಾರಿತು. ಮೇಡಂ ಕೈ ಹಿಡಿದರು.

"ತಡಿ, ಮೊದಲು ಫೋಟೋ. ಅಡ್ಡಗೆರೆ, ಓರೆಗೆರೆ, ಗೆರೆ ಮೇಲೆ ಗೆರೆ, ಇದಕ್ಕೆ ಏನೇನು ಬರುತ್ತೆ ಅನ್ನೋಕೆ ಇನ್ಯಾವ ಸಾಕ್ಷಿ ಬೇಕು? ಯಂತ್ರ ನಮಗಿರಲಿ. ಫೋಟೋನೂ ದೊಡ್ಡದು ಮಾಡಿಸಿ ಅದರ ಪಕ್ಕ ಗೋಡೆಗೆ ಹಾಕ್ತೀವಿ."

ಫೋಟೋ ತೆಗೆದದ್ದಾಯಿತು. ಟರ್ಮಿನಲ್ಲು ಬದುಕಿತು. ಬಾಗಿಲು ಸೂರಿನ ಮೇಲೆಯೇ ಇತ್ತು.

"ಕೆಳಗೆ ಬಿಡಿಸಿದವರ ಹೆಸರು ಹಾಕ್ಬೇಕು," ಎಂದರು ಮೇಡಂ. "ಏನಂತ ಹಾಕ್ಲಿ?"

ಅವಳು ನೆಲ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ, ಅಂಗಡಿಗೆ ಬಂದ ಗಿರಾಕಿಯೊಬ್ಬರ ಮುಖವನ್ನು ಮೊದಲ ಸಲ ನೇರವಾಗಿ ನೋಡಿ, ಸ್ಪಷ್ಟವಾಗಿ ಹೇಳಿದಳು:

"ಚಿಕ್ಕಪ್ಪಂದು ಹಾಕಿ."