ಅರಗಿನ ಮುದ್ರೆ

ರೇಷನ್ ಚೀಟಿ ಇದ್ದರೆ ಪೆಟ್ರೋಲು ಗ್ಯಾಲನ್ನಿಗೆ ಎರಡು ರೂಪಾಯಿ, ಇಲ್ಲದಿದ್ದರೆ ಎಂಟು. ಡ್ರೈವರ್ ಗೈಬುಸಾಬನ ತಿಂಗಳ ಪಗಾರ ಇಪ್ಪತ್ತೆರಡು. ಒಂದು ಕಡ್ಡಿ ಅರಗಿಗೆ ಒಂದಾಣೆ. ಪೆಟ್ರೋಲು ಟಾಕಿಯ ಮುಚ್ಚಳದ ಮೇಲಿನ ಆ ಒಂದಾಣೆಯ ಅರಗನ್ನು ಇವತ್ತು ಒಡೆದರೆ ಪಗಾರವೂ ಹೋಗುತ್ತದೆ, ಮೇಲೆ ಆರು ತಿಂಗಳ ಜೈಲು. ಯುದ್ಧದ ಕಾಲ. ಪೆಟ್ರೋಲಿನ ಕಳ್ಳನಿಗೆ ಯಾರೂ ಮರುಗುತ್ತಿರಲಿಲ್ಲ.

ಬಬಲೇಶ್ವರದಿಂದ ಮರಳುವಾಗ, ವಿಜಾಪುರ ಇನ್ನೂ ಎರಡು ಮೈಲಿ ಇರುವಂತೆಯೇ ಮೋಟಾರು ಗುಟುಕರಿಸಿ ನಿಂತಿತು. ಗೈಬುಸಾಬ ಚಕ್ರ ಹಿಡಿದೇ ಕುಳಿತ. ಪಕ್ಕದಲ್ಲಿ ಸಾವಕಾರ ಶಂಕ್ರೆಪ್ಪ.

"ಇಳಿಬ್ಯಾಡ. ಮುಚ್ಚಳಕ್ಕ ಕೈ ಹಚ್ಚಿದ್ರ ನೋಡು!"

"ಮುಚ್ಚಳ ತಗದ್ರ ಓಡತೈತ್ರಿ, ಸಾವಕಾರ್ರ. ಯಾಕಂತ ನನಗೂ ತಿಳಿವಲ್ದು. ಆದ್ರ ಓಡತೈತಿ."

"ಟೊಪಗಿ ತಗದ್ರ ಕುಂಟ ಓಡ್ಯಾನ ಅಂದಂಗಾತು. ನನ್ನ ಮುಂದೂ ನಾಟಕ ಹೂಡೀ ಏನಲೇ?"

ಅದು ಎರಡೇ ಸೀಟಿನ ಓಟದ ಗಾಡಿ. ಯುದ್ಧಕ್ಕೆ ಹೊರಟ ಬಿಳಿ ಸಾಹೇಬನೊಬ್ಬ ಮಾರಿಹೋದದ್ದು. ಶಂಕ್ರೆಪ್ಪ ತಿಕೋಟಾ ಕಡೆಯ ಹತ್ತಿ ವ್ಯಾಪಾರಿ. ದಿನಾ ಸಂಜೆ ಗೀರು ಹಾಕಿದ ಬಿದಿರಿನ ಕೋಲನ್ನು ಟಾಕಿಗೆ ಇಳಿಸಿ ಅಳೆಯುತ್ತಿದ್ದ. ವಾರಕ್ಕೊಮ್ಮೆ ಎರಡು ಬೆರಳು ಕಡಿಮೆ ಬರುತ್ತಿತ್ತು. ಅವನ ಲೆಕ್ಕದಲ್ಲಿ ಟಾಕಿಗೆ ಇರುವುದು ಒಂದೇ ಬಾಯಿ, ಗಾಡಿ ಓಡಿಸುವವನೂ ಒಬ್ಬನೇ. ಮಾದರಿ ಹತ್ತಿಯ ಚೀಲಕ್ಕೆ ಮಾಡುವಂತೆಯೇ ಮಾಡಿದ: ಮುಚ್ಚಳದ ಮೇಲೆಲ್ಲ ಅರಗು ಕರಗಿಸಿ ಸುರಿದು, ಉಂಗುರ ಒತ್ತಿದ. ಅಳೆಯಲು ತೆಗೆದಾಗಲೆಲ್ಲ ಮತ್ತೆ ಹೊಸದಾಗಿ ಒತ್ತುತ್ತಿದ್ದ.

ಇದು ಹದಿನೈದು ದಿನದ ಹಿಂದಿನ ಮಾತು. ಅಷ್ಟರಲ್ಲಿ ಗೈಬುಸಾಬ ಒಬ್ಬನೇ ಹೋದಾಗ ಎರಡು ಸಲ ಮುದ್ರೆ ಒಡೆದಿದ್ದ. ಒಮ್ಮೆ ತಿಕೋಟಾ ದಾರಿಯಲ್ಲಿ, ಒಮ್ಮೆ ಮಮದಾಪುರದ ಕೆರೆಯ ಹತ್ತಿರ. ಎರಡೂ ಸಲ ಶಂಕ್ರೆಪ್ಪ ಹೊಸ ಅರಗು ಹಚ್ಚಿದ.

"ಅರಗು ಬಿದ್ದ ದಿನದಿಂದ ಹನಿ ಸೈತ ಕಡಿಮಿ ಬಂದಿಲ್ಲ," ಎಂದ ಈಗ. "ಅದರ ಅರ್ಥ ಏನು? ಒಡದಿ, ಅಂಜಿದಿ, ಬಿಟ್ಟಿ. ಅದಕ್ಕೂ ಮೊದಲಿಂದು ಯಾರ ಹೊಟ್ಟ್ಯಾಗ ಹೋತು?"

ಗೈಬುಸಾಬನ ಮನೆಯಲ್ಲಿ ಬಾಣಂತಿ ಮಗಳಿದ್ದಳು. ಕಳ್ಳನೆಂಬ ಹೆಸರು ಬಂದರೆ ಅವಳ ಗಂಡನ ಮನೆಯವರು ಕೂಸಿನ ತೊಟ್ಟಿಲ ಶಾಸ್ತ್ರಕ್ಕೂ ಬರಲಾರರು.

ದಾರಿಯಲ್ಲಿ ಸಿಕ್ಕ ಎತ್ತುಗಳು ಗಾಡಿಯನ್ನು ಬಸಗೊಂಡಪ್ಪನ ಗ್ಯಾರೇಜಿಗೆ ಎಳೆದವು. ಬಸಗೊಂಡಪ್ಪ ತಿಕೋಟಾದವನೇ, ಶಂಕ್ರೆಪ್ಪನಿಗೆ ದೂರದ ತಮ್ಮ. ಪ್ರತಿ ಮಂಗಳವಾರ ಗಾಡಿ ತೊಳೆಯಲು ಬಿಟ್ಟುಹೋಗುವಾಗ ಗೈಬುಸಾಬನಿಗೆ ಅಲ್ಲಿ ಚಹಾ ಖಾಯಂ. ವಿಜಾಪುರದಲ್ಲಿ ಅವನಿಗಿದ್ದ ಗೆಳೆಯನೆಂದರೆ ಅವನೊಬ್ಬ.

ಅಂಗಳದಲ್ಲಿ ಪೆಟ್ರೋಲಿನ ಬದಲು ಇದ್ದಿಲಿನ ಒಲೆ ಹೊತ್ತ ಬಸ್ಸೊಂದು ಹೊಗೆ ಕಾರುತ್ತಿತ್ತು. ಮೂಲೆಯಲ್ಲಿ ಬಸಗೊಂಡಪ್ಪನ ಫಟಫಟಿ ಮೋಟಾರು ಸೈಕಲ್ಲು ಹದಿನೈದು ದಿನದ ಧೂಳು ಹೊತ್ತು ನಿಂತಿತ್ತು.

"ನೀ ನಮ್ಮಂವ," ಎಂದ ಶಂಕ್ರೆಪ್ಪ. "ನೀ ಹೇಳಿದ್ದ ಖರೆ. ಇವ ಕಳ್ಳ ಹೌದಂದ್ರ ಇಲ್ಲಿಂದ ಸೀದಾ ಠಾಣೆ."

ಬಸಗೊಂಡಪ್ಪ ಅವಸರ ಮಾಡಲಿಲ್ಲ. ಮೋಟಾರು ಚಾಲೂ ಮಾಡಿದ. ಅಷ್ಟು ಹೊತ್ತು ನಿಂತದ್ದು ಈಗ ಚಾಲೂ ಆಯಿತು. ಶಂಕ್ರೆಪ್ಪ ಗೈಬುಸಾಬನ ಕಡೆ ನೋಡಿದ. ಮೋಟಾರು ಓಡುತ್ತಲೇ ಇತ್ತು. ಓಡಿತು, ಓಡಿತು, ಆಮೇಲೆ ಕೆಮ್ಮಿತು, ಸತ್ತಿತು.

ಬಸಗೊಂಡಪ್ಪ ಮುದ್ರೆಗೆ ಉಳಿ ಇಟ್ಟು ಒಂದೇಟು ಹಾಕಿದ. ಅರಗು ಸಿಡಿಯಿತು. ಮುಚ್ಚಳ ತಿರುವಿದಾಗ ಟಾಕಿ ಹಾವಿನಂತೆ ಬುಸ್ಸೆಂದು ಗಾಳಿ ಎಳೆದುಕೊಂಡಿತು. ಮತ್ತೆ ಚಾಲೂ ಮಾಡಿದ. ಓಡಿತು.

"ಅಣ್ಣಾ, ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡೀತಾರ?"

"ಒಂದರಿಂದ ಗಾಳಿ ಒಳಗ ಹೋಗಬೇಕು, ಒಂದರಿಂದ ಎಣ್ಣಿ ಬೀಳಬೇಕು."

"ಹಾಂ. ಈ ಮುಚ್ಚಳದಾಗೂ ಸೂಜಿಯಷ್ಟು ತೂತೈತಿ ನೋಡ್ರಿ. ಅದರ ಮ್ಯಾಲ ನೀವು ಅರಗು ಸುರದೀರಿ. ಒಳಗ ಗಾಳಿ ಇಲ್ಲ, ಹೊರಗ ಎಣ್ಣಿ ಇಲ್ಲ. ಗೈಬು ಒಡದಿದ್ದು ಗಾಡಿ ಮನಿ ಮುಟ್ಟಲಿ ಅಂತ. ಇನ್ನ ಮ್ಯಾಲ ಅರಗು ತೋರಸಬ್ಯಾಡ್ರಿ ಇದಕ್ಕ."

"ಮತ್ತ ಮೊದಲ ಕಡಿಮಿ ಬರತಿತ್ತಲ್ಲ?"

"ಓಟದ ಗಾಡಿ ರೀ ಇದು! ಒಂದೊಂದು ದಿನ ಒಂದೊಂದು ನಮೂನಿ ಕುಡೀತೈತಿ. ಕೋಲಿಗೇನು ತಿಳೀತೈತಿ?"

ಶಂಕ್ರೆಪ್ಪ ಸೀಟಿನ ಹಿಂದಿನಿಂದ ಬಿದಿರಿನ ಕೋಲು ತೆಗೆದು, ಮೊಣಕಾಲಿಗೆ ಕೊಟ್ಟು ಮುರಿದು, ಇದ್ದಿಲಿನ ಒಲೆಗೆ ಎಸೆದ.

"ಬರೋ ತಿಂಗಳಿಂದ ಇಪ್ಪತ್ನಾಕು, ಗೈಬೂ," ಎಂದ. ಮುಖ ಮಾತ್ರ ಆ ಕಡೆಗಿತ್ತು.

ಗೈಬುಸಾಬ ಬಸಗೊಂಡಪ್ಪನ ಎರಡೂ ಕೈ ಹಿಡಿದುಕೊಂಡ.

ಮುಂದಿನ ಮಂಗಳವಾರ ಎಂದಿನಂತೆ ಗಾಡಿ ಬಿಟ್ಟು ಹೋದ. ಸಂಜೆ ಬರಬೇಕಾದವನು ಮಧ್ಯಾಹ್ನವೇ ಬಂದ. ಕೈಯಲ್ಲಿ ಮೊಮ್ಮಗಳ ತೊಟ್ಟಿಲಿನ ಸಕ್ಕರೆ, ಬಸಗೊಂಡಪ್ಪನಿಗೆಂದು ಕಟ್ಟಿಸಿಕೊಂಡದ್ದು.

ಅಂಗಳದಲ್ಲಿ ಯಾರೂ ಇರಲಿಲ್ಲ. ಫಟಫಟಿ ತೊಳೆದು ಹೊಳೆಯುತ್ತಿತ್ತು. ಓಟದ ಗಾಡಿಯ ಹಿಂಭಾಗದ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ತಗಡಿನ ಡಬ್ಬಿಯಲ್ಲಿ ಏನೋ ಸಣ್ಣಗೆ ಬೀಳುವ ಸದ್ದು.

ಗೈಬುಸಾಬ ನಿಂತ. ಸಕ್ಕರೆಯ ಪುಡಿಕೆಯನ್ನು ನೆಲಕ್ಕಿಟ್ಟ. ಮೆಲ್ಲಗೆ ಕೈ ಚಾಚಿ ಮುಚ್ಚಳದ ಆ ಸೂಜಿಯಷ್ಟು ತೂತಿನ ಮೇಲೆ ಹೆಬ್ಬೆರಳು ಒತ್ತಿದ. ಎಣಿಸುತ್ತ ಕಾದ. ಇಪ್ಪತ್ತು, ಮೂವತ್ತು. ಕೆಳಗಿನ ಸದ್ದು ತೆಳ್ಳಗಾಯಿತು, ಹನಿಯಾಯಿತು, ನಿಂತಿತು.

"ಥೂ ಇದರವ್ನ!" ಗಾಡಿಯ ಕೆಳಗಿನಿಂದ ಬಸಗೊಂಡಪ್ಪನ ದನಿ ಬಂತು. "ಮತ್ತ ಅರಗು ಹಚ್ಚ್ಯಾನೇನು ಇಂವ?"

ಟಾಕಿಯ ತಳದ ತಿರುಪು ಬಿಚ್ಚಿ ಡಬ್ಬಿಗೆ ಇಳಿಸಿದ್ದು ಅರ್ಧ ಗ್ಯಾಲನ್ನು. ಗೈಬುಸಾಬ ತಿರುಪು ಬಿಗಿದು ಅದನ್ನು ಟಾಕಿಗೆ ವಾಪಸು ಸುರಿದ. ಅರ್ಧ ಗ್ಯಾಲನ್ನು ಉಳಿಯಿತು. ವಿಜಾಪುರದಲ್ಲಿ ಇದ್ದೊಬ್ಬ ಗೆಳೆಯ ಹೋದ.